ಬುದ್ಧಿಪೆಟ್ಟಿಗೆಯ ಕೂಗು

ಜುಂಜಣ್ಣ ಬೀಸಿದ ಕೋಲು ಪೆಟ್ಟಿಗೆಯ ಕೆಂಪು ದೀಪಕ್ಕೆ ಬಿತ್ತು. ಗಾಜು ಒಡೆದು ಕುರಿ ಕೂಡುವ ರೊಪ್ಪದ ಹಿಕ್ಕೆಯ ಮೇಲೆ ಚೆಲ್ಲಿತು. ಎರಡನೇ ಏಟಿಗೆ ಪೆಟ್ಟಿಗೆಯ ತಗಡು ಒಳಕ್ಕೆ ಹೋಯಿತು. ಮೂರನೇ ಏಟಿಗೆ ತಮ್ಮ ಗೋವರ್ಧನ ತನ್ನ ಮೊಣಕೈ ಕೊಟ್ಟ.

“ಬಿಡೋ ಅಣ್ಣ! ನಾಳೆ ಶೂಟಿಂಗ್ ಐತೆ!”

“ನಿನ್ನ ಶೂಟಿಂಗಿನ ಮನೆ ಹಾಳಾಗ! ಇದರ ದೀಪ ನೋಡಿ ಗಬ್ಬದ ಕುರಿ ಬೆದರಿ ಮುಳ್ಳಿಗೆ ಬಿದ್ದೈತೆ. ಅದು ಕಂದು ಹಾಕಿದ್ರೆ ನಿನ್ನ ಪೆಟ್ಟಿಗೆ ಮರಿ ಈಯ್ತತೇನಲೇ?”

ಪೆಟ್ಟಿಗೆ ಅಂದರೆ ಕೆಟ್ಟುಹೋದ ಏರ್‌ಕೂಲರ್. ಅದಕ್ಕೆ ಬೆಳ್ಳಿಬಣ್ಣ ಬಳಿದು, ಮದುವೆ ಮನೆಯ ಸೀರಿಯಲ್ ಸೆಟ್ಟಿನ ದೀಪ ಸುತ್ತಿ, ಮಧ್ಯದಲ್ಲಿ ಒಂದು ದೊಡ್ಡ ಕೆಂಪು ಬಲ್ಬು ಕೂರಿಸಿದ್ದರು. ಗೋವರ್ಧನ ಹಿರಿಯೂರಿನಲ್ಲಿ ತಿಪ್ಪೇಶನ ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದ. ಮದುವೆ, ನಾಮಕರಣಗಳ ವಿಡಿಯೊ ತೆಗೆಯುವುದು ಅವನ ಕಸುಬು. ಮದುವೆಗಳಿಲ್ಲದ ತಿಂಗಳಲ್ಲಿ ಅವನೂ ತಿಪ್ಪೇಶನೂ ಸೇರಿ ಸಿನಿಮಾ ಮಾಡುತ್ತಿದ್ದರು. ಸ್ಟುಡಿಯೊದ ಕ್ಯಾಮೆರಾ, ಹಟ್ಟಿಯ ಜನ, ಮನೆಯ ರೊಪ್ಪ, ಇಷ್ಟೇ ಬಂಡವಾಳ. ಸಿನಿಮಾದ ಹೆಸರು ‘ಬುದ್ಧಿಪೆಟ್ಟಿಗೆ’.

ಹಟ್ಟಿ ಇದ್ದದ್ದು ಧರ್ಮಪುರದ ರಸ್ತೆಯ ಪಕ್ಕದಲ್ಲಿ. ಮನೆಯ ಅರುವತ್ತೈದು ಕುರಿಯ ಮಂದೆಯನ್ನು ಈಗ ಕಾಯುತ್ತಿದ್ದವನು ಜುಂಜಣ್ಣ. ಅವನ ಅಪ್ಪ ನಿಂಗಪ್ಪ ಎರಡು ವರ್ಷದ ಹಿಂದೆ ಬಸ್ಸಿನಿಂದ ಇಳಿಯುವಾಗ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕಾಯುವುದನ್ನು ಬಿಟ್ಟಿದ್ದ.

ಆ ಸಂಜೆ ಊಟಕ್ಕೆ ಕೂತಾಗ ಅಣ್ಣ ತಮ್ಮ ಒಬ್ಬರಿಗೊಬ್ಬರು ಬೆನ್ನು ಮಾಡಿದ್ದರು. ಅಮ್ಮ ಗಂಗಕ್ಕ ಇಬ್ಬರ ತಟ್ಟೆಗೂ ಮುದ್ದೆ ಹಾಕಿದಳು. ನಿಂಗಪ್ಪನೇ ಮಾತು ತೆಗೆದ.

“ಅಲ್ಲ ಕಣಲೇ, ಆ ಪೆಟ್ಟಿಗೆ ಏನ್ ಮಾಡ್ತತೆ?”

“ಅದು ಕಂಪನಿಯೋರು ಹಟ್ಟಿಗೆ ತಂದಿಟ್ಟಿರೋ ಮೆಷಿನ್ನಪ್ಪ. ಅದಕ್ಕೆ ಸ್ವಂತ ಬುದ್ಧಿ ಐತೆ. ಎಲ್ಲರ ಮಾತು ಕೇಳಿ ಕೇಳಿ ಕಲಿತತೆ. ಕೊನೇಗೆ ಅದು ಕರೆದ್ರೆ ಸಾಕು, ಜನ ಎದ್ದು ಹೋಗ್ತಾರೆ. ಸಾಲಾಗಿ ಹೋಗಿ ಕಲ್ಲುಕ್ವಾರಿಗೆ ಬೀಳ್ತಾರೆ.”

“ಯಾಕ್ ಬೀಳ್ತಾರೆ?” ಗಂಗಕ್ಕ ಕೇಳಿದಳು.

“ಅದು ಕರೀತದಲ್ಲಮ್ಮ, ಅದಕ್ಕೆ.”

“ನಾನು ಮೂರು ಸಲ ಕರೆದ್ರೂ ನೀನು ಊಟಕ್ಕೆ ಬರಲ್ಲ. ಕೂಲರ್ ಕರೆದ್ರೆ ಕ್ವಾರಿಗೆ ಬೀಳ್ತಾರಂತೆ!”

ಜುಂಜಣ್ಣನ ಹೆಂಡತಿ ಮೀನಾಕ್ಷಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಜುಂಜಣ್ಣ ನಗಲಿಲ್ಲ. ಕೈ ತೊಳೆದು ಎದ್ದ.

“ಶೇಂಗಾ ಕಿತ್ತಾಗೈತೆ. ನಾಳೆಯಿಂದ ಕೆರೆ ಆಚೆ ಗೊಲ್ಲಪ್ಪನ ಹೊಲದಾಗೆ ಮಂದೆ ಕಟ್ತೀನಿ. ಒಂದು ತಿಂಗಳು ಅಲ್ಲೇ ಇರ್ತೀನಿ. ನಾನಿಲ್ಲದಾಗ ಈ ರೊಪ್ಪದಾಗೆ ಬೇಕಾದ್ದು ಕುಣೀರಿ.”

ಬೆಳೆ ತೆಗೆದ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುವುದು ಪ್ರತಿ ವರ್ಷದ ಪದ್ಧತಿ. ಮರುದಿನ ಕುರಿಗಳು ಹೋದವು. ಮೀನಾಕ್ಷಿ ದಿನಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಹೋಗಿ ಬರುತ್ತಿದ್ದಳು.

ರೊಪ್ಪ ಖಾಲಿಯಾದ ಮೇಲೆ ನಿಂಗಪ್ಪನಿಗೆ ಕೆಲಸವಿಲ್ಲದಾಯಿತು. ಸೊಂಟ ಮುರಿದ ಮೇಲೂ ಅವನಿಗೊಂದು ಕೆಲಸ ಉಳಿದಿತ್ತು. ಸಂಜೆ ರೊಪ್ಪದ ಬಾಗಿಲಿಗೆ ಕಟ್ಟುವ ತಡಿಕೆಯ ಹತ್ತಿರ ಕೂತು ಅವನು ಮಂದೆಯನ್ನು ಕೂಗಿ ಕರೆಯುತ್ತಿದ್ದ. ಎದೆಯೊಳಗಿನಿಂದ ಹೊರಟು, ಉದ್ದಕ್ಕೆ ಎಳೆದುಕೊಂಡು ಹೋಗಿ, ಕೊನೆಗೆ ನಾಲಿಗೆಯಲ್ಲಿ ಎರಡು ಸಲ ಟಕ್ ಟಕ್ ಎಂದು ನಿಲ್ಲುವ ಕೂಗು. ರಸ್ತೆಯಾಚೆ ಇದ್ದ ಕುರಿ ತಲೆ ಎತ್ತಿ, ಬಾಯಲ್ಲಿದ್ದ ಹುಲ್ಲನ್ನೂ ಬಿಟ್ಟು ಓಡಿ ಬರುತ್ತಿತ್ತು. ಆ ಕೂಗು ಈ ಮನೆಯದು. ಮಂದೆ ಕಾಯುವ ಕೋಲು ಯಾರ ಕೈಗೆ ಹೋಗುತ್ತದೋ ಅವನಿಗೆ ಮಾತ್ರ ಅದನ್ನು ಕಲಿಸುತ್ತಿದ್ದರು. ಮಿಕ್ಕವರು ತಮಾಷೆಗೂ ಕೂಗಬಾರದು. ಮೀನಾಕ್ಷಿ ಮದುವೆಯಾಗಿ ಬಂದ ಹೊಸದರಲ್ಲಿ ಹಾಗೇ ಒಮ್ಮೆ ಕೂಗಿ, ಅತ್ತೆಯಿಂದ ಬೈಸಿಕೊಂಡು, ಇಡೀ ದಿನ ಅತ್ತಿದ್ದಳು.

ಗೋವರ್ಧನನ ಸಿನಿಮಾ ಪೆಟ್ಟಿಗೆಗೆ ತಕ್ಕ ದನಿ ಸಿಗದೆ ನಿಂತಿತ್ತು. ಫೋನಿನಲ್ಲಿ ಸಿಗುವ ಯಂತ್ರದ ದನಿಗಳನ್ನೆಲ್ಲ ಹಾಕಿ ನೋಡಿದ್ದಾಗಿತ್ತು.

“ಇದು ಬಸ್ ಸ್ಟ್ಯಾಂಡಿನಾಗೆ ಮಾತಾಡೋ ಮೇಡಮ್ಮು ಕಣೋ,” ಅಂದಿದ್ದ ತಿಪ್ಪೇಶ. “ಇವಳು ಕರೆದ್ರೆ ಜನ ಪ್ಲಾಟ್‌ಫಾರ್ಮಿಗೆ ಹೋಗ್ತಾರೆ, ಕ್ವಾರಿಗೆ ಹೋಗಲ್ಲ.”

ಒಂದು ಮಧ್ಯಾಹ್ನ ಗೋವರ್ಧನ ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತ.

“ಅಪ್ಪ, ನೀನು ಪಾರ್ಟ್ ಮಾಡ್ತೀಯಾ?”

“ನಾನಾ? ಏನ್ ಪಾರ್ಟು?”

“ಪೆಟ್ಟಿಗೆ ಪಾರ್ಟು. ಅದೇ ಹೀರೊ. ಮುಖ ಕಾಣಲ್ಲ, ದನಿ ಮಾತ್ರ. ನಿನ್ನ ಮಂದೆ ಕೂಗು ಬೇಕು.”

ಒಳಗಿನಿಂದ ಗಂಗಕ್ಕ ಹೊರಗೆ ಬಂದಳು. “ಏನಲೇ ಕೇಳ್ತಿದೀಯ? ಮಂದೆ ಕೂಗನ್ನ ಪೆಟ್ಟಿಗೆಗೆ ಹಾಕ್ತಾರಾ? ಜುಂಜ ಕೇಳಿದ್ರೆ ಹೂತು ಹಾಕ್ತಾನೆ ನಿನ್ನ.”

“ಅಣ್ಣನಿಗೆ ಯಾಕೆ ಹೇಳ್ಬೇಕಮ್ಮ? ಸಿನಿಮಾ ಮುಗಿದ ಮೇಲೆ ತೋರಿಸಾಣ.”

ನಿಂಗಪ್ಪ ಹೆಂಡತಿಯ ಮುಖ ನೋಡಿದ, ಮಗನ ಮುಖ ನೋಡಿದ. ಎರಡು ವರ್ಷದಿಂದ ಅವನನ್ನು ಯಾರೂ ಏನೂ ಕೇಳಿರಲಿಲ್ಲ, ಮಾತ್ರೆ ನುಂಗಿದೆಯಾ ಅನ್ನುವುದೊಂದನ್ನು ಬಿಟ್ಟು.

“ಕುರಿ ಹೆಂಗೂ ಇಲ್ಲಿಲ್ಲ ಕಣೇ. ಗೋಡೆಗೆ ಕೂಗಿದ್ರೇನು, ಫೋನಿಗೆ ಕೂಗಿದ್ರೇನು,” ಅಂದ.

ಹತ್ತು ನಿಮಿಷ ಕೂಗಿದ. ಗೋವರ್ಧನ ಅದನ್ನು ಫೋನಿನಲ್ಲಿದ್ದ ಒಂದು ಆ್ಯಪಿಗೆ ಕೊಟ್ಟ. ಕೇಳಿದ ದನಿಯನ್ನು ಕಲಿತು ಎಷ್ಟು ಹೊತ್ತು ಬೇಕಾದರೂ ಅದೇ ದನಿಯಲ್ಲಿ ಕೂಗುವ ಆ್ಯಪು ಅದು. ಸಂಜೆಗೆ ಅಪ್ಪನ ಕಿವಿಗೆ ಹಿಡಿದ.

“ಇದು ನಾನಲ್ಲ. ಕೆಮ್ಮೇ ಇಲ್ಲ,” ಅಂದ ನಿಂಗಪ್ಪ.

“ಕೆಮ್ಮು ತಗದೀನಿ.”

ಮುದುಕ ಇನ್ನೊಮ್ಮೆ ಕೇಳಿದ. “ಸೊಂಟ ಮುರಿಯೋಕೆ ಮುಂಚೆ ಹಿಂಗೇ ಇತ್ತು ಕಣಲೇ,” ಎಂದು ಮತ್ತೊಮ್ಮೆ ಹಾಕಿಸಿದ.

ಸಿನಿಮಾದ ಒಂದು ತುಣುಕನ್ನು ಗೋವರ್ಧನ ಯೂಟ್ಯೂಬಿಗೆ ಹಾಕಿದ. ಹಟ್ಟಿಯ ಜನ ಕಣ್ಣು ಮಿಟುಕಿಸದೆ ಸಾಲಾಗಿ ನಡೆಯುತ್ತಾರೆ. ಹಿಂದೆ ಅಪ್ಪನ ಕೂಗು, ನಲವತ್ತು ಸೆಕೆಂಡು. ಅದಕ್ಕೆ ಮ್ಯೂಸಿಕ್ ಹಾಕೋಣ ಎಂದು ತಿಪ್ಪೇಶ ಹಟ ಹಿಡಿದಿದ್ದ. ಬರಿಯ ಕೂಗೇ ಇರಲಿ, ಆಗಲೇ ಮೈ ಜುಂ ಅನ್ನುವುದು ಎಂದು ಗೋವರ್ಧನ ಒಪ್ಪಲಿಲ್ಲ. ನಿಜಕ್ಕೂ ಜನಕ್ಕೆ ಮೈ ಜುಂ ಅಂದಿತು. ವಾರದಲ್ಲಿ ನಲವತ್ತು ಸಾವಿರ ಜನ ನೋಡಿದರು. ಹಿರಿಯೂರಿನ ಹುಡುಗರು ಅದನ್ನು ರಿಂಗ್‌ಟೋನ್ ಮಾಡಿಕೊಂಡರು. ನಿಂಗಪ್ಪ ಟೀ ಅಂಗಡಿಗೆ ಹೋದರೆ “ಹೀರೊ ಬಂದ, ಕುಂತ್ಕಳ್ರಿ ಹೀರೊ” ಎಂದು ಬೆಂಚು ಬಿಟ್ಟುಕೊಡುತ್ತಿದ್ದರು.

ಜುಂಜಣ್ಣನ ಹತ್ತಿರ ಇದ್ದದ್ದು ಬಟನ್ ಫೋನು. ಮೀನಾಕ್ಷಿ ಬುತ್ತಿ ಕೊಡುವಾಗ ಎರಡು ಸಲ ಹೇಳಲು ಬಾಯಿ ತೆರೆದಳು. ಮತ್ತೆ ಮನೆಯಲ್ಲಿ ಹೊಡೆದಾಟ ಯಾಕೆ ಎಂದು ಸುಮ್ಮನಾದಳು.

ಮೂರನೇ ವಾರದ ಒಂದು ಮಧ್ಯಾಹ್ನ ಜುಂಜಣ್ಣ ಹೊಲದಲ್ಲಿ ಹೊಂಗೆಯ ಮರದ ಕೆಳಗೆ ಉಣ್ಣುತ್ತಿದ್ದ. ಕೆರೆ ಏರಿಯ ಆಚೆಯಿಂದ ಅಪ್ಪನ ಕೂಗು ಕೇಳಿಸಿತು. ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತಿದವು. ಅಪ್ಪ ಬಸ್ಸಿಗೆ ಬಂದಿರಬೇಕು, ಮಂದೆ ನೋಡದೆ ಅವನಿಗೆ ಇರಲಾಗಿಲ್ಲ ಅಂದುಕೊಂಡ. ಕುರಿಗಳು ಏರಿ ಹತ್ತಿ ಆಚೆ ಇಳಿದವು. ಬೇರೆ ಯಾವ ದನಿಯಾಗಿದ್ದರೂ ಅವನು ಕೋಲು ಹಿಡಿದು ಓಡುತ್ತಿದ್ದ. ಕರೆದವನು ಅಪ್ಪ. ಅವನು ಉಳಿದ ಮುದ್ದೆಯನ್ನು ಉಂಡು, ಕೈ ತೊಳೆದು, ಬರಿಗೈಯಲ್ಲಿ ಹೊರಟ.

ಏರಿಯ ತುದಿಯಲ್ಲಿ ಜಾಲಿಗಿಡದ ಹಿಂದಿನಿಂದ ಮೊದಲ ಏಟು ಬಿತ್ತು. ಕಬ್ಬಿಣದ ರಾಡು. ಎಡಗಿವಿ ಹರಿದು ಕತ್ತಿನ ಮೇಲೆ ರಕ್ತ ಇಳಿಯಿತು. ತಿರುಗಿ ಕೈ ಎತ್ತಿದ. ಎರಡನೇ ಏಟಿಗೆ ಬಲಗೈ ಮೊಣಕೈಯ ಕೆಳಗೆ ಮುರಿಯಿತು. ಬಿದ್ದವನ ಪಕ್ಕೆಗೆ ಇನ್ನೊಬ್ಬ ಬೂಟುಗಾಲಿನಲ್ಲಿ ಒದ್ದ, ಅವನು ಅಲುಗುವುದನ್ನು ನಿಲ್ಲಿಸುವವರೆಗೂ ಒದ್ದ. ಕಣ್ಣಿಗೆ ಇಳಿದ ರಕ್ತದ ನಡುವೆ ಜುಂಜಣ್ಣನಿಗೆ ಒಂದು ಮಿನಿ ಲಾರಿ ಕಂಡಿತು. ಹಲಗೆ ಇಳಿಬಿಟ್ಟಿದ್ದರು. ಕುರಿಗಳು ತಾವಾಗಿಯೇ ಹತ್ತುತ್ತಿದ್ದವು. ಹಿಂದೆ ಉಳಿದ ಮರಿಗಳನ್ನು ಕಾಲು ಹಿಡಿದು ಒಳಗೆ ಎಸೆದರು. ಡ್ರೈವರಿನ ಸೀಟಿನ ಕಡೆಯಿಂದ ಅಪ್ಪನ ದನಿ ಕೂಗುತ್ತಲೇ ಇತ್ತು. ಲಾರಿ ತುಂಬಿದ ಮೇಲೆ ಹಲಗೆ ಎತ್ತಿ ಹೊರಟರು. ಒಳಗೆ ಜಾಗ ಸಿಗದ ಕುರಿಗಳು ಕೂಗಿನ ಹಿಂದೆ ರಸ್ತೆಯವರೆಗೂ ಓಡಿದವು.

ಇಪ್ಪತ್ತೆರಡು ಕುರಿ ಹೋದವು. ಉಳಿದವನ್ನು ಗೊಲ್ಲಪ್ಪ ಹಟ್ಟಿಗೆ ಹೊಡೆದುಕೊಂಡು ಬಂದ. ಠಾಣೆಯಲ್ಲಿ ದೂರು ಬರೆದುಕೊಂಡರು. ಹಿರಿಯೂರಿನಲ್ಲಿ ಕಿವಿಗೆ ಹೊಲಿಗೆ ಹಾಕಿ, ಕೈಗೆ ಚಿತ್ರದುರ್ಗಕ್ಕೆ ಹೋಗಿ ಅಂದರು. ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದ ಜುಂಜಣ್ಣ ಯಾರ ಜೊತೆಗೂ ಮಾತಾಡಲಿಲ್ಲ. ಹೆಂಡತಿ ಗಂಜಿ ಕುಡಿಸಲು ಬಂದರೆ ಲೋಟ ನೂಕಿದ.

ಮನೆಗೆ ಬಂದವನು ಆಟೊದಿಂದ ಇಳಿದು ನೇರ ಅಪ್ಪನ ಹತ್ತಿರ ಹೋದ. ಎಡಗೈಯಲ್ಲಿ ಅವನ ಅಂಗಿಯ ಕೊರಳು ಹಿಡಿದು ಎಬ್ಬಿಸಿ ನಿಲ್ಲಿಸಿದ.

“ಯಾರಿಗೆ ಕೂಗಿಕೊಟ್ಟೆ? ಹೇಳು! ಎಷ್ಟು ಕೊಟ್ರು ನಿನಗೆ?”

“ಏನಲೇ ಜುಂಜ... ನಾನೆಲ್ಲಿಗೆ ಬಂದೆ?”

“ಗಾಡಿ ಮುಂದೆ ಕುಂತು ಕೂಗ್ತಿದ್ದೆ ನೀನು! ನನ್ನ ಒದೀತಿದ್ರೆ ಕೂಗ್ತಾನೇ ಇದ್ದೆ!” ತೂಗಾಡಿಸಿದ ರಭಸಕ್ಕೆ ಮುದುಕನ ತಲೆ ಹಿಂದಿನ ಗೋಡೆಗೆ ಬಡಿಯಿತು.

“ಬಿಡಲೇ ಅವನ್ನ!” ಗಂಗಕ್ಕ ಕೂಗಿದಳು. “ಅವತ್ತು ಇಡೀ ದಿನ ನನ್ನ ಜೊತೆ ಶೇಂಗಾ ಬಿಡಿಸ್ತಿದ್ದ. ಹಟ್ಟಿಯೋರನ್ನ ಕೇಳು.”

“ಹಂಗಾದ್ರೆ ನನ್ನ ಕಿವಿ ಸುಳ್ಳಾ? ಅಪ್ಪನ ದನಿ ನನಗೆ ತಿಳಿಯಲ್ವಾ?” ಇನ್ನೊಮ್ಮೆ ಗೋಡೆಗೆ ಬಡಿದ.

ಮೀನಾಕ್ಷಿ ಬಾಗಿಲ ಹತ್ತಿರ ನಿಂತಿದ್ದ ಗೋವರ್ಧನನನ್ನು ನೋಡಿದಳು. ಅವನ ಮುಖದ ಬಣ್ಣ ಹೋಗಿತ್ತು. ಏನೂ ಹೇಳದಿದ್ದರೆ ಆಗುತ್ತಿತ್ತು. ಅಪ್ಪನ ಮೂಗಿನಿಂದ ರಕ್ತ ಬಂತು.

“ಅಣ್ಣ, ಬಿಡು. ಅದು ಅಪ್ಪ ಅಲ್ಲ.”

ಅವನು ಜೇಬಿನಿಂದ ಫೋನು ತೆಗೆದು ಒತ್ತಿದ. ಕೂಗು ಅಂಗಳದ ತುಂಬ ಎದ್ದಿತು. ರೊಪ್ಪದಲ್ಲಿದ್ದ ಕುರಿಗಳೆಲ್ಲ ಒಮ್ಮೆಗೇ ಎದ್ದು ತಡಿಕೆಗೆ ನುಗ್ಗಿದವು. ಕಟ್ಟಿದ ಹಗ್ಗ ಜಗ್ಗಿ, ತಡಿಕೆ ಬಾಗಿತು.

ಜುಂಜಣ್ಣ ಅಪ್ಪನನ್ನು ಬಿಟ್ಟ. ಕುರಿಗಳನ್ನು ನೋಡಿದ, ಫೋನನ್ನು ನೋಡಿದ. ಗೋಡೆಗೆ ಒರಗಿಸಿದ್ದ ಅಪ್ಪನ ಊರುಗೋಲು ಅವನ ಎಡಗೈಗೆ ಬಂತು.

ಗೋವರ್ಧನ ಓಡಲಿಲ್ಲ. ಮೊದಲ ಏಟಿಗೆ ಫೋನು ಹಾರಿತು. ಎರಡನೆಯದಕ್ಕೆ ಮುಂದಿನ ಹಲ್ಲೆರಡು ಮುರಿದವು. ಬಿದ್ದವನ ಬೆನ್ನಿನ ಮೇಲೆ, ತೊಡೆಯ ಮೇಲೆ, ತಲೆಯ ಮೇಲೆ ಕೋಲು ಬೀಳುತ್ತಲೇ ಇತ್ತು. ಪ್ರತಿ ಏಟಿಗೂ ಜುಂಜಣ್ಣ ಹೋದ ಕುರಿಗಳ ಗುರುತು ಹೇಳುತ್ತಿದ್ದ: “ಇದು ಕರಿಮೂತಿಗೆ. ಇದು ಸೀಳುಗಿವಿಗೆ. ಇದು ಅವಳಿ ಮರಿಗೆ.” ಗಂಗಕ್ಕ ಒಳಗಿನಿಂದ ಮುದ್ದೆ ಕೋಲು ತಂದು ಹಿರಿಮಗನ ಮುರಿದ ಕೈಯ ಪಟ್ಟಿಯ ಮೇಲೆಯೇ ಹೊಡೆದಳು. ಅವನು ಕಿರುಚಿ ಕುಸಿದ ಮೇಲೆ ಅಂಗಳ ತಣ್ಣಗಾಯಿತು.

“ನಂಗೂ ಗೊತ್ತಿತ್ತು,” ಅಂದಳು ಮೀನಾಕ್ಷಿ, ಗಂಡನಿಂದ ದೂರ ನಿಂತು. “ಫೋನಿನಾಗೆ ಕೇಳಿದ್ದೆ. ಹೇಳ್ಲಿಲ್ಲ.”

“ನಿಂಗೂ?” ಅಂದ ಜುಂಜಣ್ಣ. ಆಮೇಲೆ ಎರಡು ದಿನ ಅವಳ ಕೈಯಿಂದ ಊಟ ತೆಗೆದುಕೊಳ್ಳಲಿಲ್ಲ. ಗಂಗಕ್ಕ ಇಬ್ಬರು ಮಕ್ಕಳಿಗೂ ಬೇರೆ ಬೇರೆ ಮೂಲೆಯಲ್ಲಿ ಬಡಿಸಿದಳು. ಗೋವರ್ಧನನಿಗೆ ಹಲ್ಲಿಲ್ಲದೆ ಮುದ್ದೆಯನ್ನು ಸಾರಿನಲ್ಲಿ ಕಿವುಚಿ ಕುಡಿಸಬೇಕಾಯಿತು.

ಯೂಟ್ಯೂಬಿನಿಂದ ತುಣುಕನ್ನು ಅವನು ಏಟು ತಿಂದ ದಿನವೇ ತೆಗೆಸಿದ್ದ. ತಿಪ್ಪೇಶ ಸಿನಿಮಾವನ್ನೇ ಕಂಪ್ಯೂಟರಿನಿಂದ ಅಳಿಸಿದ. “ಅಳಿಸಿದ್ರೆ ಏನ್ ಬಂತೋ,” ಅಂದ, “ಊರೆಲ್ಲರ ಫೋನಿನಾಗೆ ಐತೆ.”

ಅದು ನಿಜ ಎಂದು ಎಂಟೇ ದಿನದಲ್ಲಿ ಗೊತ್ತಾಯಿತು. ಈಗ ಮಂದೆಯನ್ನು ಮೇಯಿಸುತ್ತಿದ್ದವಳು ಮೀನಾಕ್ಷಿ. ಬೆಳಿಗ್ಗೆ ರಸ್ತೆಯ ಪಕ್ಕದಲ್ಲಿ ಹೋಗುತ್ತಿದ್ದಾಗ ಧರ್ಮಪುರದ ಬಸ್ಸು ಆಚೆ ಬದಿಗೆ ನಿಂತಿತು. ಒಳಗೆ ಯಾರೋ ಒಬ್ಬನ ಫೋನು ಅದೇ ಕೂಗಿನಲ್ಲಿ ರಿಂಗಾಯಿತು. ಅವಳು “ಆಫ್ ಮಾಡ್ರಿ, ಆಫ್ ಮಾಡ್ರಿ!” ಎಂದು ಕಿರುಚುವಷ್ಟರಲ್ಲಿ ಕುರಿಗಳು ರಸ್ತೆಗೆ ಹಾರಿದ್ದವು. ಎದುರಿನಿಂದ ಬಂದ ಜಲ್ಲಿ ಲಾರಿ ಬ್ರೇಕು ಹಾಕಿದರೂ ನಿಲ್ಲಲಿಲ್ಲ. ಮೂರು ಅಲ್ಲೇ ಅಪ್ಪಚ್ಚಿಯಾದವು. ನಾಲ್ಕನೆಯದು ಹಿಂಗಾಲು ಎಳೆದುಕೊಂಡು, ಕರುಳು ರಸ್ತೆಗೆ ಒರೆಸುತ್ತ, ಬಸ್ಸಿನ ಬಾಗಿಲವರೆಗೂ ಹೋಗಿ ಬಿತ್ತು. ಫೋನು ಹಿಡಿದವನು ಕಾಲು ಮೇಲಕ್ಕೆತ್ತಿಕೊಂಡ.

ಮೀನಾಕ್ಷಿ ಸತ್ತವನ್ನು ರಸ್ತೆಯಿಂದ ಎಳೆದು ಹಾಕಿ, ಮೈಯೆಲ್ಲ ರಕ್ತ ಮಾಡಿಕೊಂಡು ಮನೆಗೆ ಬಂದಳು. ಅಂಗಳದಲ್ಲಿ ಎಲ್ಲರೂ ಇದ್ದರು.

“ನಾಳೆಯಿಂದ ನಾನು ಹೋಗಲ್ಲ,” ಅಂದಳು. “ಯಾವನ ಜೇಬು ಯಾವಾಗ ಕೂಗ್ತತೋ ನನಗೇನ್ ಗೊತ್ತು? ಎಲ್ಲಾ ಮಾರಿಬಿಡ್ರಿ.”

“ಮಾರಿ ಏನ್ ತಿನ್ನಾಣ?” ಅಂದಳು ಗಂಗಕ್ಕ.

ನಿಂಗಪ್ಪ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಅಂದ:

“ಕೂಗು ಮರೆಸ್ಬೇಕು.”

“ಅವಕ್ಕೆ ಮರೆಸಾಕೆ ಆಗ್ತತೇನಪ್ಪ?” ಗೋವರ್ಧನ ಕೇಳಿದ. ಹಲ್ಲಿಲ್ಲದ ಬಾಯಲ್ಲಿ ಮಾತು ಸರಿಯಾಗಿ ಬರಲಿಲ್ಲ.

“ಕರೀಬೇಕು. ಬಂದಾಗ ಹೊಡೀಬೇಕು. ಬರೋದು ನಿಲ್ಲಿಸೋವರೆಗೂ ಹೊಡೀಬೇಕು.”

ಜುಂಜಣ್ಣ ಅಪ್ಪನ ಕಡೆ ತಿರುಗಿದ. ಆಸ್ಪತ್ರೆಯಿಂದ ಬಂದ ದಿನದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು: “ಫೋನಿನಾಗೇ ಹಾಕಾಣ. ನೀನು ಕೂಗಬ್ಯಾಡ.”

“ಫೋನಿಂದು ಬ್ಯಾರೆ, ನನ್ನದು ಬ್ಯಾರೆ ಅಂತ ನಿನಗೇ ತಿಳೀಲಿಲ್ಲ. ಅವಕ್ಕೆ ತಿಳೀತತಾ? ನಾನೇ ಕೂಗ್ತೀನಿ. ಅರ್ಧ ಮರೆತ್ರೆ ಪ್ರಯೋಜನ ಇಲ್ಲ.”

ಮರುದಿನ ಬೆಳಿಗ್ಗೆ ಕುರಿಗಳನ್ನು ಅಂಗಳದ ಆ ಕೊನೆಗೆ ಬಿಟ್ಟರು. ಈ ಕೊನೆಯಲ್ಲಿ ನಿಂಗಪ್ಪ ಕಲ್ಲಿನ ಮೇಲೆ ಕೂತ. ಅವನ ಎರಡೂ ಕಡೆ ಮೀನಾಕ್ಷಿ ಮತ್ತು ಗೋವರ್ಧನ ಹುಣಿಸೆ ಕಡ್ಡಿಯ ಬರಲು ಹಿಡಿದು ನಿಂತರು. ಜುಂಜಣ್ಣ ಎಡಗೈಯಲ್ಲಿ ಕೋಲು ಹಿಡಿದ. ಗಂಗಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಿಂಗಪ್ಪ ಕೂಗಿದ. ಮೂವತ್ತೊಂಬತ್ತೂ ಓಡಿ ಬಂದವು.

ಮೂತಿಗೆ ಹೊಡೆದರು, ಕಿವಿಗೆ ಹೊಡೆದರು, ಮುಂಗಾಲಿಗೆ ಹೊಡೆದರು. ಮುಂದಿನವು ತಿರುಗಿದರೆ ಹಿಂದಿನವು ನೂಕುತ್ತಿದ್ದವು. ಒಂದರ ಮೇಲೊಂದು ಬಿದ್ದು, ಎದ್ದು, ಹಿಂದಕ್ಕೆ ಓಡಿ ನಿಂತು, ಏದುಸಿರು ಬಿಡುತ್ತ ಇತ್ತ ನೋಡಿದವು.

“ಇನ್ನೊಂದ್ಸಲ ಕೂಗಪ್ಪ,” ಅಂದ ಜುಂಜಣ್ಣ.

ಕೂಗಿದ. ಮತ್ತೆ ಅಷ್ಟೂ ಬಂದವು.

ಆರನೇ ಸಲಕ್ಕೆ ಅರ್ಧ ಬಂದವು. ಬರಲುಗಳು ಮುರಿದವು. ಮೀನಾಕ್ಷಿಯ ಅಂಗೈ ಸುಲಿಯಿತು. ಗೋವರ್ಧನ ಒಂದು ಮರಿಯ ಕಣ್ಣಿಗೆ ಹೊಡೆದುಬಿಟ್ಟು, ಬರಲು ಎಸೆದು ಬೇಲಿಯ ಹತ್ತಿರ ಹೋಗಿ ಕೂತುಬಿಟ್ಟ.

“ಬಾರಲೇ,” ಅಂದ ಅಣ್ಣ. “ಸಿನಿಮಾ ಮಾಡೋನಿಗೆ ಇದನ್ನ ನೋಡಾಕಾಗಲ್ವಾ? ಹಿಡಿ.”

ಅವನು ಬಂದು ಹಿಡಿದ.

ಹೀಗೆ ಮೂರು ದಿನ. ಮೂರನೇ ದಿನ ಅಪ್ಪನೂ ಕೂಗಿದ, ಫೋನಿನಲ್ಲೂ ಹಾಕಿದರು. ಯಾವ ಕುರಿಯೂ ಕದಲಲಿಲ್ಲ. ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಮುಗಿಯಿತು ಎಂದು ಮೀನಾಕ್ಷಿ ನೆಲಕ್ಕೆ ಕೂತಳು. ಅಷ್ಟರಲ್ಲಿ ಒಂದು ಮುದಿ ಕುರಿ ಗುಂಪಿನಿಂದ ಹೊರಗೆ ಬಂತು. ಮೂತಿ ಊದಿತ್ತು. ಕುಂಟುತ್ತ ಅಂಗಳ ದಾಟಿ ಬಂದು ನಿಂಗಪ್ಪನ ಮೊಣಕಾಲಿಗೆ ತಲೆ ಇಟ್ಟಿತು.

ಗೋವರ್ಧನ ಬರಲು ಎತ್ತಲಿಲ್ಲ. ಜುಂಜಣ್ಣ ಕೋಲು ಎತ್ತಿದವನು ಹಾಗೇ ಇಳಿಸಿದ.

“ಒಂದು ತಾನೆ,” ಅಂದ. “ಇರ್ಲಿ ಬಿಡಪ್ಪ.”

“ಒಂದು ಹೊರಟ್ರೆ ಮಿಕ್ಕವೂ ಹೊರಡ್ತಾವೆ. ನಿನಗೆ ನಾನು ಹೇಳಿಕೊಡ್ಬೇಕಾ?”

ನಿಂಗಪ್ಪ ಎಡಗೈಯಲ್ಲಿ ಅದರ ಕಿವಿ ಹಿಡಿದು, ಬಲಗೈಯಲ್ಲಿ ಊರುಗೋಲು ಎತ್ತಿ ನೆತ್ತಿಗೆ ಹೊಡೆದ. ಅದು ಹೋಗಲಿಲ್ಲ. ಇನ್ನೊಂದು ಹೊಡೆದ. ಮೂರನೆಯದು ಮೂತಿಗೆ. ಮುಂಗಾಲು ಮಡಿಸಿ ಬಿತ್ತು. ಬಿದ್ದದ್ದನ್ನೂ ಹೊಡೆದ, ಅದು ತೆವಳಿಕೊಂಡು ಎದ್ದು ಆ ಕೊನೆ ಸೇರುವವರೆಗೂ. ಆಮೇಲೆ ಬಾಯಿಗೆ ಬಂದ ಕೆಮ್ಮನ್ನು ನುಂಗಿಕೊಂಡು ಕೂಗಿದ, ಎಂದಿನ ಹಾಗೆ ಉದ್ದಕ್ಕೆ.

ಅದು ಬರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಜುಂಜಣ್ಣ ಮಂದೆ ಹೊರಡಿಸಲು ತಡಿಕೆ ಬಿಚ್ಚಿದ. ಕೈಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಜೊತೆಗೆ ಗೋವರ್ಧನ ಕೋಲು ಹಿಡಿದು ಹೊರಟಿದ್ದ. ಕುರಿಗಳು ಹೊರಗೆ ಬರಲಿಲ್ಲ. ಹಿಂದಿನ ಬೇಲಿಯ ಮುಳ್ಳಿಗೆ ಒತ್ತಿಕೊಂಡು ನಡುಗುತ್ತಿದ್ದವು. ಜುಂಜಣ್ಣ ಒಳಗೆ ಹೋಗಿ ನೂಕಿದರೂ ಬರಲಿಲ್ಲ. ಆಮೇಲೆ ಅವನು ಹಿಂತಿರುಗಿ ನೋಡಿದ. ಅಪ್ಪ ತಡಿಕೆಯ ಹತ್ತಿರ ಎಂದಿನ ಜಾಗದಲ್ಲಿ ಕೂತಿದ್ದ, ಬಾಯಿ ಮುಚ್ಚಿಕೊಂಡು.

“ಅಪ್ಪ,” ಅಂದ ಜುಂಜಣ್ಣ. “ಒಂದಿಷ್ಟು ಗೋಡೆ ಹಿಂದೆ ಹೋಗ್ತೀಯಾ? ನಿನ್ನ ನೋಡಿ ಬರ್ತಿಲ್ಲ.”

ನಿಂಗಪ್ಪ ಗೋಡೆ ಹಿಡಿದು ಎದ್ದ. ಗಂಗಕ್ಕ ತೋಳಿಗೆ ಕೈ ಕೊಡಲು ಬಂದಳು, ಬೇಡವೆಂದ. ಗೋಡೆಯ ಹಿಂದೆ ಹೋಗಿ, ಅತ್ತ ಮುಖ ಮಾಡಿ ನಿಂತ. ಕುರಿಗಳು ಒಂದೊಂದಾಗಿ ಹೊರಗೆ ಬಂದವು.